ಗಾದಿ ಮಾಸ್ತರು

ಹತ್ತಿ ಹಿಂಜುವವರೊಬ್ಬರು ನನಗೆ ಕರಾಟೆ ಕಲಿಸಿದರು ಎಂದರೆ ಕೇಳಿದವರು ಮೊದಲು ನಗುತ್ತಾರೆ. ಅವರನ್ನು ಮೊದಲ ಸಲ ಕಂಡಾಗ ನಾನೂ ನಕ್ಕಿದ್ದೆ. ಕೊಟ್ಟೂರಿನ ಬಜಾರದಲ್ಲಿ ಅವರ ಹೆಸರು ಹೇಳಿ ವಿಚಾರಿಸಿದರೆ ಅರ್ಧ ಜನಕ್ಕೆ ತಿಳಿಯುತ್ತಿರಲಿಲ್ಲ. ಗಾದಿ ಮಾಸ್ತರು ಎಂದರೆ ಸಾಕು, ಮಂಡಕ್ಕಿ ಅಂಗಡಿಯವರೂ ಕೆಲಸ ಬಿಟ್ಟು ಎದ್ದು ಬಂದು ಓಣಿ ತೋರಿಸುತ್ತಿದ್ದರು. ನಾನೂ ಇಲ್ಲಿ ಅವರನ್ನು ಹಾಗೆಯೇ ಕರೆಯುತ್ತೇನೆ. ಅವರು ತೀರಿಕೊಂಡು ಈಗ ಏಳೆಂಟು ತಿಂಗಳಾಗಿರಬೇಕು. ಸುದ್ದಿ ನನಗೆ ತಲುಪಿದ್ದೇ ಮಣ್ಣಾದ ನಲವತ್ತು ದಿನಗಳ ಮೇಲೆ.

ಎತ್ತರದ ಆಳಲ್ಲ. ಮೈಯಲ್ಲಿ ಮಾಂಸವಿರಲಿಲ್ಲ. ಹುಡುಗನಾಗಿದ್ದಾಗಿನಿಂದ ಹಿಂಜುವ ಬಿಲ್ಲು ಹಿಡಿದು ಕೂತಿದ್ದರಿಂದ ಬಲಭುಜ ಎಡಕ್ಕಿಂತ ಒಂದಿಷ್ಟು ಮೇಲಿತ್ತು. ನಡೆದು ಬರುವಾಗ ಯಾರನ್ನೋ ಪಕ್ಕಕ್ಕೆ ಸರಿಸಿಕೊಂಡು ಬರುವವರ ಹಾಗೆ ಕಾಣುತ್ತಿದ್ದರು. ಹುಬ್ಬಿನಲ್ಲಿ, ಕಿವಿಯ ಕೂದಲಲ್ಲಿ ಹತ್ತಿಯ ಎಳೆ ಅಂಟಿರುತ್ತಿತ್ತು. ನಲವತ್ತೆರಡೋ ನಲವತ್ಮೂರೋ ವಯಸ್ಸು. ಮುಂಜಾನೆಯ ಬೆಳಕಿನಲ್ಲಿ ನೋಡಿದವರು ಅರವತ್ತು ಎನ್ನುತ್ತಿದ್ದರು. ಮಾತಿನ ನಡುವೆ ಕೆಮ್ಮು ಬಂದರೆ ಬೆರಳೆತ್ತಿ ನಮ್ಮನ್ನು ನಿಲ್ಲಿಸಿ, ಗೋಡೆಯ ಕಡೆ ಮುಖ ಮಾಡಿ ಕೆಮ್ಮಿ, ಬಂದು ಬಿಟ್ಟ ಮಾತಿನಿಂದಲೇ ಮುಂದುವರಿಸುತ್ತಿದ್ದರು.

ನಾನು ಹರಪನಹಳ್ಳಿಯವಳು. ಅಪ್ಪ ನನಗೆ ನೆನಪಿಲ್ಲದಷ್ಟು ಹಿಂದೆಯೇ ಹೋಗಿದ್ದ. ಅಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ರಾತ್ರಿ ಪಾಳಿಯ ದಿನ ಮಗಳೊಬ್ಬಳನ್ನೇ ಮನೆಯಲ್ಲಿ ಬಿಟ್ಟು ಹೋಗಬೇಕಲ್ಲ ಎಂಬ ಭಯಕ್ಕೆ ಅವಳೇ ನನ್ನನ್ನು ಹತ್ತನೆಯ ವಯಸ್ಸಿಗೆ ಕರಾಟೆ ಕ್ಲಾಸಿಗೆ ಸೇರಿಸಿದ್ದಳು. ಅಲ್ಲಿಯ ಸರ್ ಜೋರಿನ ಮನುಷ್ಯ. ಕಪ್ಪು ಕನ್ನಡಕ, ಬೆನ್ನ ಮೇಲೆ ಹುಲಿಯ ಚಿತ್ರವಿದ್ದ ಜಾಕೀಟು. ಹಣೆಯಿಂದ ಹೆಂಚು ಒಡೆಯುತ್ತಿದ್ದರು, ಕೈಯ ಮೇಲೆ ಮೋಟಾರ್ ಸೈಕಲ್ ಹತ್ತಿಸಿಕೊಳ್ಳುತ್ತಿದ್ದರು. ವರ್ಷಕ್ಕೊಮ್ಮೆ ನಮ್ಮನ್ನು ಉಚ್ಚಂಗಿದುರ್ಗಕ್ಕೆ ಕರೆದೊಯ್ದು ಗುಡ್ಡದ ಮೆಟ್ಟಿಲು ಓಡಿ ಹತ್ತಿಸುತ್ತಿದ್ದರು. ಶಾಲೆಯ ಗ್ಯಾದರಿಂಗಿನಲ್ಲಿ ಒಬ್ಬ ಹುಡುಗನ ತಲೆಯ ಮೇಲೆ ಸಣ್ಣ ಗಡಿಗೆ ಇಟ್ಟು, ಅವನ ಕೂದಲಿಗೂ ತಾಗದ ಹಾಗೆ ನಾನು ಅದನ್ನು ಒದ್ದು ಒಡೆಯಬೇಕು. ಅದು ನನ್ನ ಐಟಂ. ಗಡಿಗೆ ಚೂರಾದ ಮೇಲೆ ಬರುವ ಚಪ್ಪಾಳೆಯ ಸದ್ದನ್ನು ನಾನು ವಾರಗಟ್ಟಲೆ ಕಿವಿಯಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೆ. ಹದಿನೈದಕ್ಕೆ ಬ್ರೌನ್ ಬೆಲ್ಟು ಬಂತು. ಅದೇ ಬೇಸಿಗೆಯಲ್ಲಿ ಅಮ್ಮನಿಗೆ ಕೊಟ್ಟೂರಿಗೆ ವರ್ಗವಾಯಿತು.

ಕೊಟ್ಟೂರಿನಲ್ಲಿ ಕರಾಟೆ ಕ್ಲಾಸು ಐತೇನ್ರಿ ಎಂದು ಕೇಳಿದಾಗ ಮನೆಯ ಮಾಲೀಕರು, "ಐತಲ್ಲ, ನಮ್ಮ ಗಾದಿ ಮಾಸ್ತರದು" ಎಂದರು. ಊರ ಹೊರಗೆ ಮುಚ್ಚಿ ಹೋಗಿದ್ದ ಹತ್ತಿ ಜಿನ್ನಿನ ಕಾರ್ಖಾನೆಯ ಹಿಂದಿನ ಬಯಲು. ಮುಂಜಾನೆ ಐದೂವರೆಗೆ ಹೋದೆ. ಹದಿನೈದು ಜನ ಸಾಲಾಗಿ ನಿಂತಿದ್ದರು. ಒಬ್ಬಳೂ ಹುಡುಗಿ ಇರಲಿಲ್ಲ. ಮೂಲೆಯಲ್ಲಿ ಹರಿದ ಹಳೇ ಗಾದಿಗಳನ್ನು ಒಂದಕ್ಕೊಂದು ಹೊಲಿದು ನೆಲಕ್ಕೆ ಹಾಸಿದ್ದರು, ಬೀಳುವುದನ್ನು ಕಲಿಯಲಿಕ್ಕೆ. ನಾನು ಇಸ್ತ್ರಿ ಮಾಡಿದ ಡ್ರೆಸ್ಸು ತೊಟ್ಟು, ಬೆಲ್ಟನ್ನು ಬಿಗಿಯಾಗಿ ಕಟ್ಟಿಕೊಂಡು ಹೋಗಿದ್ದೆ. ಅವರು ನನ್ನ ಮುಖ ನೋಡುವ ಮೊದಲು ಸೊಂಟ ನೋಡಿದರು.

"ಇದನ್ನ ಯಾರು ಕೊಟ್ರು?"

"ಹರಪನಹಳ್ಳಿ ಸರ್."

"ಚಲೋ ಐತಿ. ಬಿಚ್ಚಿ, ಮಡಚಿ ಚೀಲದಾಗ ಇಡು. ಇದನ್ನ ಕಟ್ಟಿಕ್ಯಾ." ತಮ್ಮ ಚೀಲದಿಂದ ಬಿಳಿಯ ಬೆಲ್ಟೊಂದನ್ನು ತೆಗೆದುಕೊಟ್ಟರು. ಅಂಗಡಿಯದಲ್ಲ, ಗಾದಿ ಬಟ್ಟೆಯಲ್ಲಿ ಮನೆಯಲ್ಲೇ ಹೊಲಿದದ್ದು.

ನಾನು ಅಲ್ಲಾಡದೆ ನಿಂತೆ. ಅವರಿಗೆ ಸಿಟ್ಟು ಬರಲಿಲ್ಲ. "ಅವರ ಪದ್ಧತಿ ಬ್ಯಾರೆ, ನಮ್ಮದು ಬ್ಯಾರೆ. ನಿನ್ನ ಬೆಲ್ಟು ನಿನ್ನದ, ಯಾರೂ ಕಸಗಳ್ಳಂಗಿಲ್ಲ. ಇಲ್ಲಿ ನಿಂದ್ರಬೇಕಂದ್ರ ಇಲ್ಲಿಂದ ಶುರು ಮಾಡಬೇಕು. ಮನಸಿಲ್ಲಂದ್ರ ಹೋಗವ್ವ, ನಂದೇನು ಬ್ಯಾಸರಿಲ್ಲ" ಎಂದರು.

ಹತ್ತು ವರ್ಷದ ಹುಡುಗರ ಜೊತೆ ಸಾಲಿನ ಕೊನೆಗೆ ನಿಂತೆ. ಹರಪನಹಳ್ಳಿಯಲ್ಲಿ ನಾವು ಜಪಾನೀ ಭಾಷೆಯಲ್ಲಿ ಎಣಿಸುತ್ತಿದ್ದೆವು. ಇವರು "ಒಂದ, ಎರಡ, ಮೂರ" ಎಂದು ಸಂತೆಯಲ್ಲಿ ಈರುಳ್ಳಿ ಚೀಲ ಎಣಿಸುವವರ ಹಾಗೆ ಎಣಿಸುತ್ತಿದ್ದರು. ಮನೆಗೆ ಬಂದು ಬೆಲ್ಟನ್ನು ಎಸೆದು ಅತ್ತೆ. ಅಮ್ಮ ಸೀರೆಗೆ ಪಿನ್ನು ಹಾಕಿಕೊಳ್ಳುತ್ತ, "ಊರು ಬದ್ಲಾದ್ರೆ ನಾನೂ ಹೊಸಬಳೇ ಅಲ್ವೇನೆ? ಹದಿನೆಂಟು ವರ್ಷ ಸರ್ವೀಸಾಗೈತೆ. ಇಲ್ಲಿ ನಂಗೂ ಎಲ್ರಿಗಿಂತ ಹಿಂದಿನ ಕೆಲ್ಸನೇ ಕೊಟ್ಟಾರೆ. ನಾನು ಅಳ್ತಾ ಕೂತೀನಾ?" ಎಂದಳು. ಮರುದಿನ ಮತ್ತೆ ಹೋದೆ. ಕಲಿಯುವ ಆಸೆಯಿಂದಲ್ಲ. ನಾನು ಯಾರು ಎಂಬುದನ್ನು ಆ ಬಯಲಿಗೆ ತೋರಿಸಬೇಕಿತ್ತು.

ಅವರು ನನ್ನ ಹೆಸರು ಕೇಳಿದ್ದರೂ ಕರೆಯುತ್ತಿದ್ದುದು 'ಹರಪನಳ್ಳಿ' ಎಂದೇ. "ಏ ಹರಪನಳ್ಳಿ, ಹಿಮ್ಮಡ ನೆಲಕ್ಕ ಹಚ್ಚು." "ಹರಪನಳ್ಳಿ, ಕಾಲು ಚಲೋ ಏಳತೈತಿ, ಆದ್ರ ಎಲ್ಲಿ ಇಳಿಬೇಕಂತ ಅದಕ್ಕ ಗೊತ್ತಿಲ್ಲ." ಅವರ ಕ್ಲಾಸಿನಲ್ಲಿ ಇದ್ದದ್ದು ಒಂದೇ ಕಟ್ಟಳೆ. ಯಾವ ಏಟೇ ಆಗಲಿ, ಎದುರಿನವನ ಮೈಗೆ ಮೂರು ಬೆರಳು ಉಳಿದಿರುವಾಗ ನಿಲ್ಲಬೇಕು. ತಾಗಿದರೆ ಒಂದು ವಾರ ಕ್ಲಾಸಿನಿಂದ ಹೊರಗೆ. "ಒದಿಯಾದು ಕತ್ತೆಗೂ ಬರತೈತಿ. ನಿಲ್ಲಸಾದು ಕಲೀರಿ" ಎನ್ನುತ್ತಿದ್ದರು. ಹುಡುಗಾಟಿಕೆ ಮಾಡಿದವರಿಗೆ ಇನ್ನೊಂದು ಮಾತಿತ್ತು: "ಹಿಂಜಿದ ಹತ್ತಿ ತಿರುಗಿ ಕಾಯಿ ಆಗಂಗಿಲ್ಲಪ್ಪ." ನನಗೆ ಅವೆಲ್ಲ ಹೆಂಚು ಒಡೆಯಲು ಬಾರದವರ ಮಾತಿನಂತೆ ಕೇಳುತ್ತಿದ್ದವು.

ಅವರು ಕಲಿತದ್ದು ಮುಂಬೈಯಲ್ಲಿ. ಹದಿನೇಳನೆಯ ವಯಸ್ಸಿಗೆ ಅಲ್ಲಿನ ಗಾದಿ ಅಂಗಡಿಯೊಂದಕ್ಕೆ ದುಡಿಯಲು ಹೋಗಿದ್ದರಂತೆ. ಅಂಗಡಿಯ ಮೇಲಿನ ಅಂತಸ್ತಿನಲ್ಲಿ ಕರಾಟೆ ಕಲಿಸುತ್ತಿದ್ದರು. ಆ ಕ್ಲಾಸಿನ ಗಾದಿ ಹೊಲಿದುಕೊಡಲು ಮೇಲೆ ಹೋದವರು ಹತ್ತು ವರ್ಷ ಮೇಲೆ ಹೋಗುತ್ತಲೇ ಇದ್ದರು. ಅಲ್ಲಿ ತಮ್ಮ ಜೊತೆಗಾರನೊಬ್ಬ ಏಟು ತಿಂದು ಒಂದು ಕಣ್ಣು ಕಳೆದುಕೊಂಡದ್ದನ್ನು ಅವರು ಒಮ್ಮೆ ಮಾತ್ರ ಹೇಳಿದರು. ಹೊಡೆದವರು ಯಾರು ಎಂದು ಒಬ್ಬ ಹುಡುಗ ಕೇಳಿದ. ಅವರು, "ಏಳ್ರಿ, ಬಯಲು ಹತ್ತು ಸುತ್ತು ಹಾಕ್ರಿ" ಎಂದರು.

ಮನೆಗೂ ಒಂದೆರಡು ಸಲ ಹೋಗಿದ್ದೆ. ಮುಂದಿನ ಪಡಸಾಲೆಯಲ್ಲಿ ಅವರು ಬಾಯಿಗೆ ವಸ್ತ್ರ ಕಟ್ಟಿಕೊಂಡು ಹಿಂಜುತ್ತಿದ್ದರು. ಕೊಡತಿಯಿಂದ ಬಿಲ್ಲಿನ ತಂತಿಗೆ ಬಡಿದರೆ ಮನೆಯೆಲ್ಲ ಗುಂಯ್ ಎನ್ನುತ್ತಿತ್ತು. ಗಾದಿ ತುಂಬಿ ಹೊಲಿಯುವುದು ಅವರ ಹೆಂಡತಿಯ ಕೆಲಸ. ದೊಡ್ಡ ದನಿಯ ಹೆಂಗಸು. "ಬಾರವ್ವ, ಸಿಸ್ಟರ್ ಮಗಳು. ನಿಮ್ಮ ಮಾಸ್ತರಿಗೆ ಹೇಳು, ಎದಿಯಾಗ ಗೊರಗೊರ ಅಂದ್ರೂ ಚಳಿಯಾಗ ಬಯಲಿಗೆ ಹೊಕ್ಕಾರ. ಹೊಡೆದಾಟದ ಹುಚ್ಚು ಇವರಿಗೆ" ಎಂದು ನನ್ನ ಮುಂದೆಯೇ ಗಂಡನನ್ನು ಬೈಯುತ್ತ, ಒಗ್ಗರಣೆ ಮಂಡಕ್ಕಿ ತಂದಿಡುತ್ತಿದ್ದರು. ಅವರು ವಸ್ತ್ರದ ಹಿಂದೆಯೇ ನಗುತ್ತಿದ್ದರು. ಇಬ್ಬರೂ ಒಂದೇ ತಾಟಿನಲ್ಲಿ ಕೈ ಹಾಕಿ ತಿನ್ನುವುದನ್ನು ನಾನು ಅಲ್ಲಿ ನೋಡಿದೆ. ನಮ್ಮ ಕಡೆ ಗಂಡ ಹೆಂಡತಿ ಪರರ ಎದುರು ಹಾಗೆ ತಿನ್ನುವುದನ್ನು ನಾನು ಕಂಡಿರಲಿಲ್ಲ.

ಒಂದು ಸಲ ಕೆಮ್ಮಿನ ಔಷಧಕ್ಕೆ ಆಸ್ಪತ್ರೆಗೆ ಬಂದ ಮಾಸ್ತರು, ಅಮ್ಮ ಕತ್ತು ಹಿಡಿದುಕೊಂಡು ಚೀಟಿ ಬರೆಯುತ್ತಿದ್ದುದನ್ನು ನೋಡಿದ್ದರಂತೆ. ಮೂರು ದಿನ ಬಿಟ್ಟು ನನ್ನ ಕೈಗೆ ತೆಳ್ಳನೆಯ ದಿಂಬೊಂದನ್ನು ಕೊಟ್ಟು, "ಅವ್ವಾರಿಗೆ ಹೇಳು, ದಪ್ಪ ದಿಂಬು ಬ್ಯಾಡ" ಎಂದರು. ಅಷ್ಟೇ. ಅಮ್ಮ ಅದರ ಮೇಲೆ ಮಲಗಿ ಎದ್ದ ಮೊದಲ ಬೆಳಿಗ್ಗೆ, "ಅವ್ರು ನಿನಗೆ ಏನು ಕಲಿಸ್ತಾರೋ ಬಿಡ್ತಾರೋ, ಮನುಷ್ಯ ದೊಡ್ಡೋರು" ಎಂದಳು.

ಕ್ಲಾಸಿನಲ್ಲಿ ಎಲ್ಲರಿಗಿಂತ ಹಿರಿಯ ಕೊಟ್ರೇಶ. ಪಿಯುಸಿ ಓದುತ್ತಿದ್ದ, ತಂದೆಯದು ಬಜಾರದಲ್ಲಿ ಕಿರಾಣಿ ಅಂಗಡಿ. ಅಂಗಡಿಯಲ್ಲಿ ಕೂರಲು ಅವನಿಗೆ ಮನಸ್ಸಿರಲಿಲ್ಲ. ಮಿಲ್ಟ್ರಿಗೆ ಸೇರಬೇಕೆಂಬುದು ಒಂದೇ ಆಸೆ. ಮಾಸ್ತರು ಬರುವ ಅರ್ಧ ತಾಸು ಮೊದಲೇ ಬಂದು ಬಯಲು ಸುತ್ತುತ್ತಿದ್ದ. ಅವನು ನನ್ನನ್ನು ಒಂದು ದಿನವೂ ಹೀಯಾಳಿಸಿದವನಲ್ಲ. ಸಣ್ಣ ಹುಡುಗರು ನನ್ನ ಬಿಳಿ ಬೆಲ್ಟು ನೋಡಿ ಕಿಸಕ್ಕೆಂದರೆ ಗದರಿಸುತ್ತಿದ್ದವನು ಅವನೇ. ಅವನು ಕೆಟ್ಟವನಾಗಿದ್ದರೆ ಈ ಬರಹ ನನಗೆ ಸುಲಭವಾಗುತ್ತಿತ್ತು.

ಸಂಕ್ರಾಂತಿ ಕಳೆದು ಚಳಿ ಇನ್ನೂ ಇತ್ತು. ಹಿಂದಿನ ದಿನ ಹರಪನಹಳ್ಳಿಯ ಗೆಳತಿಯಿಂದ ಕಾಗದ ಬಂದಿತ್ತು. ಅವಳಿಗೆ ಬ್ರೌನ್ ಬೆಲ್ಟು ಸಿಕ್ಕಿತಂತೆ, ಈ ಸಲದ ಗ್ಯಾದರಿಂಗಿನಲ್ಲಿ ಗಡಿಗೆ ಒದೆಯುವ ಐಟಂ ಅವಳೇ ಮಾಡಿದಳಂತೆ, 'ನಿನಗಿಂತ ಚೆನ್ನಾಗಿ ಮಾಡಿದೆ ಅಂತ ಸರ್ ಹೇಳಿದರು' ಎಂದು ಕೊನೆಗೆ ಒಂದು ಸಾಲು. ಮುಂಜಾನೆ ನಾನು ಬೇಗ ಎದ್ದು ಹೋದೆ. ಬಯಲಿನಲ್ಲಿ ಕೊಟ್ರೇಶ ಒಬ್ಬನೇ ಇದ್ದ.

"ಬಾ, ಒಂದು ಫೈಟ್ ಮಾಡಾಣ" ಎಂದೆ.

"ಬ್ಯಾಡ. ಸರ್ ಬರೂತನಕ ಎದುರುಬದುರು ನಿಲ್ಲಬಾರ್ದು."

"ಹೆದರಿದ್ಯ?"

ಅವನು ನಕ್ಕು ಓಡತೊಡಗಿದ. ನಾನು ಅವನ ದಾರಿಗೆ ಅಡ್ಡ ನಿಂತೆ. ಚೀಲದಿಂದ ಬ್ರೌನ್ ಬೆಲ್ಟು ತೆಗೆದು, ಬಿಳಿಯದನ್ನು ಬಿಚ್ಚಿ ಬಿಸಾಕಿ, ಅದನ್ನು ಕಟ್ಟಿಕೊಂಡೆ. "ಹುಡುಗಿ ಕೈಯಾಗ ಸೋತರ ಮಿಲ್ಟ್ರಿಯವರು ತಗಳ್ಳಲ್ಲ ಅಂತನಾ?" ಎಂದೆ. ಅವನ ಮುಖ ಸಣ್ಣದಾಯಿತು. ಕೈ ಎತ್ತಿ ನಿಂತ. ಎರಡು ನಿಮಿಷ ಹಾಗೇ ಸುತ್ತು ಹಾಕಿದೆವು. ಅವನು ಪ್ರತಿ ಸಲ ಮೂರು ಬೆರಳು ಬಿಟ್ಟು ನಿಲ್ಲಿಸುತ್ತಿದ್ದ. ಅದು ನನಗೆ ಇನ್ನಷ್ಟು ಸಿಟ್ಟು ತರಿಸಿತು.

ಆಗ ಜಿನ್ನಿನ ಗೇಟಿನ ಹತ್ತಿರ ಮಾಸ್ತರ ಕೆಮ್ಮು ಕೇಳಿಸಿತು. ಕೊಟ್ರೇಶ ಕೈ ಇಳಿಸಿ ಆ ಕಡೆ ತಿರುಗಿದ.

ಅವನು ತಿರುಗಿದ್ದನ್ನು ನಾನು ನೋಡಿದೆ. ಇದನ್ನು ಬರೆಯಲಿಕ್ಕೇ ನಾನು ಇಷ್ಟೆಲ್ಲ ಬರೆದಿರುವುದು. ನನ್ನ ಕಾಲು ನೆಲ ಬಿಟ್ಟಿತ್ತು, ನಿಜ. ಆದರೆ ತಡೆಯಬಹುದಿತ್ತು, ಏಳು ತಿಂಗಳಿಂದ ಅವರು ಕಲಿಸಿದ್ದು ಅದೊಂದನ್ನೇ. ನಾನು ತಡೆಯಲಿಲ್ಲ. ಪಾದದ ಮೇಲ್ಭಾಗ ಅವನ ಬಲಗಿವಿಗೆ ಚಪ್ಪಟೆಯಾಗಿ ಬಡಿಯಿತು. ಅವನು ಕೂಗಲೂ ಇಲ್ಲ. ಮೊಣಕಾಲೂರಿ ಕೂತು, ಕಿವಿ ಮುಚ್ಚಿಕೊಂಡು ತಲೆಯನ್ನು ನೆಲಕ್ಕೆ ಇಟ್ಟ.

ಮಾಸ್ತರು ಓಡಿ ಬಂದರು. ಅವನ ಕೈ ಸರಿಸಿ ನೋಡಿದರು. ಬೆರಳಿಗೆ ರಕ್ತ ಹತ್ತಿತ್ತು. "ಏನಾತು?" ಎಂದರು. ಕೊಟ್ರೇಶ, "ಬಿದ್ದೆ ಸರ್" ಎಂದ. ಅವರು ತಲೆ ಎತ್ತಿ ನನ್ನನ್ನು ನೋಡಿದರು. ನನ್ನ ಸೊಂಟದಲ್ಲಿದ್ದ ಬೆಲ್ಟನ್ನು ನೋಡಿದರು. ಅವರು ಅವನನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಹೋದರು. ಆ ಬೆಳಿಗ್ಗೆ ಅಲ್ಲಿ ಪಾಳಿಯಲ್ಲಿದ್ದವಳು ಅಮ್ಮನೇ. ಮಧ್ಯಾಹ್ನ ಮನೆಗೆ ಬಂದು ಕೇಳಿದಳು.

"ಆ ಹುಡುಗಗೆ ಏನಾಗಿತ್ತೇ?"

"ಬಿದ್ದನಂತೆ."

ಹದಿನೆಂಟು ವರ್ಷದ ನರ್ಸಿಗೆ ಬಿದ್ದು ಪೆಟ್ಟಾದ ಕಿವಿ ಯಾವುದು, ಏಟು ತಿಂದ ಕಿವಿ ಯಾವುದು ಎಂದು ಗೊತ್ತಿರುವುದಿಲ್ಲವೇ? ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿ, ಒಳಗೆ ಹೋದಳು. ಮತ್ತೆ ಆ ಮಾತು ತೆಗೆಯಲಿಲ್ಲ. ಇನ್ನೊಮ್ಮೆ ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ.

ಮೂರನೆಯ ದಿನ ಕೊಟ್ರೇಶನ ತಂದೆ ಇಬ್ಬರನ್ನು ಕರೆದುಕೊಂಡು ಬಯಲಿಗೆ ಬಂದರು. ಕೊಟ್ರೇಶನೂ ಜೊತೆಗಿದ್ದ, ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಸುತ್ತಿತ್ತು. ದಾವಣಗೆರೆಯ ಡಾಕ್ಟರು ಕಿವಿಯ ತಮಟೆ ಹರಿದಿದೆ, ಬಲವಾದ ಏಟೇ ಬಿದ್ದಿರಬೇಕು ಎಂದು ಹೇಳಿದ್ದರಂತೆ.

"ಇವ ಬಾಯಿ ಬಿಡವಲ್ಲ. ನೀವು ಹೇಳ್ರಿ ಮಾಸ್ತರ, ಯಾರು ಹೊಡದೋರು?" ಎಂದರು ತಂದೆ.

ಕೊಟ್ರೇಶ ನೆಲ ನೋಡುತ್ತಿದ್ದ. ಹುಡುಗಿಯೊಬ್ಬಳು ತನ್ನನ್ನು ಒದ್ದು ಕೆಡವಿದಳೆಂದು ಹದಿನೇಳರ ಹುಡುಗ ತಂದೆಯ ಮುಂದೆ, ಅಷ್ಟು ಜನರ ಮುಂದೆ ಹೇಗೆ ಹೇಳಿಯಾನು? ಮಾಸ್ತರು ನಮ್ಮ ಸಾಲನ್ನು ಒಂದು ತುದಿಯಿಂದ ನೋಡುತ್ತ ಬಂದರು. ಕೊನೆಯಲ್ಲಿದ್ದ ನನ್ನ ಮೇಲೆ ಅವರ ಕಣ್ಣು ನಿಂತಿತು. ಎಷ್ಟು ಹೊತ್ತು ಎಂದು ಹೇಳಲಾರೆ. ಒಂದು ಹೆಜ್ಜೆ ಮುಂದೆ ಇಡಲು ಬೇಕಾದಷ್ಟು ಹೊತ್ತಂತೂ ಇತ್ತು. ನನ್ನ ಕಾಲು ಬರಲಿಲ್ಲ.

"ನನ್ನ ಕೈಲೆ ಆತ್ರಿ" ಎಂದರು ಅವರು. "ಕಲಿಸೂವಾಗ ಕೈ ತಪ್ತು. ಹುಡುಗಂದೇನು ತಪ್ಪಿಲ್ಲ."

ಕೊಟ್ರೇಶ ತಟ್ಟನೆ ತಲೆ ಎತ್ತಿದ. ಅಷ್ಟರಲ್ಲಿ ಅವನ ತಂದೆ ಮುಂದೆ ಬಂದು ಮಾಸ್ತರ ಕೆನ್ನೆಗೆ ಹೊಡೆದರು. ಸ್ಥೂಲ ದೇಹದ, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುವ ವ್ಯಾಪಾರಿ. ಕೈ ಬರುವುದು ಮಾಸ್ತರಿಗೆ ಕಂಡಿತ್ತು, ನಮಗೆಲ್ಲ ಕಂಡಿತ್ತು. ಅವರು ಕೈ ಎತ್ತಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಇನ್ನೊಂದು ಏಟು ಬಿತ್ತು. ಜೊತೆಗೆ ಬಂದವರೇ ತಂದೆಯನ್ನು ಹಿಡಿದುಕೊಂಡರು. ಸಣ್ಣ ಹುಡುಗನೊಬ್ಬ ಜೋರಾಗಿ ಅಳತೊಡಗಿದ. ಮಾಸ್ತರು ಬಗ್ಗಿ, ಬಿದ್ದ ನಮಾಜಿನ ಟೋಪಿ ಎತ್ತಿಕೊಂಡು, ದೂಳು ಝಾಡಿಸಿ, "ಮನಿಗೆ ಹೋಗ್ರಿ ಎಲ್ರೂ. ಇವತ್ತು ಕ್ಲಾಸಿಲ್ಲ" ಎಂದರು.

ಬಜಾರದಲ್ಲಿ ಮಾತು ಬೇರೆ ಕಡೆ ಹೊರಳಲು ನೋಡಿತು. ಅವರ ಮನುಷ್ಯ ನಮ್ಮ ಹುಡುಗನಿಗೆ ಹೊಡೆದ ಎಂದು ಯಾರೋ ಅಂದರು. ಎರಡೂ ಕಡೆಯ ಹಿರಿಯರು ಕೂತು, ಇನ್ನು ಮುಂದೆ ಕ್ಲಾಸು ನಡೆಸಕೂಡದು ಎಂದು ತೀರ್ಮಾನ ಮಾಡಿದರು. ಮಾಸ್ತರು ಆಗಲಿ ಎಂದು ಕೈ ಮುಗಿದು ಎದ್ದು ಬಂದರಂತೆ. ಬಯಲಿನಲ್ಲಿದ್ದ ಹಳೇ ಗಾದಿಗಳನ್ನು ಅವರೇ ಬಿಚ್ಚಿ ಗಾಡಿಗೆ ಹೇರಿಕೊಂಡು ಹೋದರು. ಆ ವರ್ಷ ಮದುವೆ ಸುಗ್ಗಿಯಲ್ಲಿ ಅವರಿಗೆ ಗಾದಿ ಹೊಲಿಯಲು ಹೇಳಿದವರು ಕಡಿಮೆ. ಮರುವರ್ಷ ಹಗರಿಬೊಮ್ಮನಹಳ್ಳಿಯಲ್ಲಿ ಹಿಂಜುವ ಮಷೀನು ಬಂತು. ಊರೂರಿನಿಂದ ಹತ್ತಿ ಅಲ್ಲಿಗೇ ಹೋಗತೊಡಗಿತು. ಅವರೂ ಮನೆ ಬಿಟ್ಟು ಅದೇ ಮಷೀನಿನ ಮುಂದೆ ಕೂಲಿಗೆ ನಿಂತರು ಎಂದು ಆಮೇಲೆ ಕೇಳಿದೆ. ಬಿಲ್ಲಿನ ದೂಳಿಗಿಂತ ಮಷೀನಿನ ದೂಳು ಹತ್ತು ಪಟ್ಟು. ಆ ಎದೆ ಅದನ್ನು ಎಷ್ಟು ದಿನ ತಾಳೀತು?

ಅವರು ಕೊಟ್ಟೂರು ಬಿಡುವ ಮೊದಲೇ ನಾವು ಬಿಟ್ಟೆವು. ಅಮ್ಮ ತಾನಾಗಿಯೇ ಕೇಳಿ ಹಡಗಲಿಗೆ ವರ್ಗ ಮಾಡಿಸಿಕೊಂಡಿದ್ದಳು. ಯಾಕೆಂದು ನಾನು ಕೇಳಲಿಲ್ಲ. ಹೊರಡುವ ಹಿಂದಿನ ದಿನ ಅವರ ಮನೆಗೆ ಹೋದೆ. ಹೇಳಿಯೇ ಬರಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವರು ಒಬ್ಬರೇ ಪಡಸಾಲೆಯಲ್ಲಿ ಕೂತಿದ್ದರು. ಹಿಂಜುವ ಕೆಲಸವೇನೂ ಮುಂದೆ ಇರಲಿಲ್ಲ.

"ಸರ್, ನಾವು ನಾಳೆ ಹಡಗಲಿಗೆ ಹೋಗ್ತೀವಿ."

"ಹೌದನವ್ವ? ಚಲೋ ಆತು. ಅಲ್ಲೂ ಕ್ಲಾಸು ಐತಂತ. ಹೋಗು. ಶುರುವಿಂದ ನಿಲ್ಲು ಅಂದ್ರ ನಿಲ್ಲು, ಬ್ಯಾಸರ ಮಾಡಿಕ್ಯಾಬ್ಯಾಡ."

ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಏನರ ಹೇಳಾದೈತೇನು?" ಎಂದು ಕೇಳಿದರು. ದನಿಯಲ್ಲಿ ಗದರಿಕೆ ಇರಲಿಲ್ಲ.

"ಇಲ್ರಿ ಸರ್" ಎಂದೆ.

ಅವರು ಮೆಲ್ಲಗೆ ತಲೆಯಾಡಿಸಿ, "ಹುಷಾರವ್ವ" ಎಂದರು. ಅದೇ ಅವರು ನನ್ನ ಜೊತೆ ಆಡಿದ ಕೊನೆಯ ಮಾತು.

ಹಡಗಲಿಯ ಕ್ಲಾಸಿಗೆ ನಾನು ಸೇರಲಿಲ್ಲ. ಮುಂದೆ ಓದಿ, ಹಡಗಲಿಯದೇ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿಯಾದೆ. ಖೊಖೊ, ಕಬಡ್ಡಿ ಆಡಿಸುತ್ತೇನೆ. ಒಂದು ವರ್ಷ ಹೆಡ್‌ಮಾಸ್ತರು, "ಹುಡುಗೇರಿಗೆ ಒಂದೀಟು ಕರಾಟೆ ಹೇಳಿಕೊಡ್ರಿ ಮೇಡಂ, ನಿಮಗ ಬರತೈತಂತ" ಎಂದರು. ನನಗೆ ಬರುವುದಿಲ್ಲ ಎಂದೆ. ಅದು ಸುಳ್ಳೂ ಆಗಿರಲಿಲ್ಲ.

ಕಳೆದ ವರ್ಷ ಇಟ್ಟಿಗಿಯಲ್ಲಿ ಶಾಲೆಗಳ ಕ್ರೀಡಾಕೂಟ ಮುಗಿಸಿ ಬಸ್ಸು ಹತ್ತಿದಾಗ ಯಾರೋ ಹೆಸರು ಹಿಡಿದು ಕೂಗಿದರು. ಕೊಟ್ರೇಶ. ಹೊಟ್ಟೆ ಬಂದಿತ್ತು, ಮೀಸೆ ಬೆಳೆಸಿದ್ದ. ಪಕ್ಕದಲ್ಲಿ ಕೂರಲು ಹೋದರೆ, "ಈ ಕಡೆ ಬಾ, ಆ ಕಿವಿ ಕೇಳಂಗಿಲ್ಲ" ಎಂದು ಎಡಕ್ಕೆ ಜಾಗ ಮಾಡಿಕೊಟ್ಟ. ಚುಚ್ಚಬೇಕೆಂದು ಆಡಿದ ಮಾತಲ್ಲ. ಎಲ್ಲರಿಗೂ ದಿನಕ್ಕೆ ಹತ್ತು ಸಲ ಹೇಳುವಂಥದ್ದು. ಮಿಲ್ಟ್ರಿ ಸೆಲೆಕ್ಷನ್ನಿಗೆ ಎರಡು ಸಲ ಹೋಗಿದ್ದನಂತೆ. ಓಟದಲ್ಲಿ ಪಾಸು, ಕಿವಿಯಲ್ಲಿ ಫೇಲು. ಈಗ ತಂದೆಯ ಅಂಗಡಿಯಲ್ಲೇ ಕೂರುತ್ತಾನೆ.

"ಮಾಸ್ತರು ಹೋಗಿಬಿಟ್ರು, ಗೊತ್ತಾತಿಲ್ಲ?" ಎಂದ. "ನಿನ್ನೆ ನಲವತ್ತನೇ ದಿನದ ಫಾತಿಹ. ನಾನೂ ಹೋಗಿದ್ದೆ."

ಅವನೇ ಹೇಳುತ್ತ ಹೋದ. ವರ್ಷಕ್ಕೊಮ್ಮೆ ರಂಜಾನಿಗೆ ತಪ್ಪದೆ ಅವರ ಮನೆಗೆ ಹೋಗಿ ಕೂತು ಬರುತ್ತಿದ್ದನಂತೆ. "ಒಂದ್ಸಲ ಕೇಳೇಬಿಟ್ಟೆ, ಯಾಕ ನಿಮ್ಮ ಮ್ಯಾಲ ಹಾಕ್ಕಂಡ್ರಿ ಸರ್ ಅಂತ. ಏನಂದ್ರು ಗೊತ್ತೈತೇನು? ಗಂಡುಹುಡುಗರ ನಡುವ ಹಗಲು ಮೂಡೂಕಿಂತ ಮೊದ್ಲ ಒಬ್ಬಾಕಿ ಹೆಣ್ಣುಹುಡುಗಿ ಏನು ಮಾಡತಿದ್ಲು ಅಂತ ಕೇಳ್ತಾರಪ್ಪ ಊರಾಗ, ಕಿವಿ ಮರೀತಾರ, ಆಕಿ ಹೆಸರು ಹಿಡಕಂತಾರ ಅಂದ್ರು." ಆಮೇಲೆ, "ನಾನರ ಹೇಳಬೇಕಿತ್ತು. ನಾಚಿಕಿ ಆತು. ಅಪ್ಪ ಸಾಯೂತನಕ ಅವರ್ನ ಬೈದ" ಎಂದ.

"ಕೊಟ್ರೇಶ, ನೀನು ತಿರುಗಿದ್ದು ನಾನು ನೋಡಿದ್ದೆ" ಎಂದೆ.

ಅವನು ಕಿಟಕಿಯ ಕಡೆ ಮುಖ ಮಾಡಿದ್ದ. ಕೇಳಿಸಿತೋ ಇಲ್ಲವೋ ತಿಳಿಯದು. ಹಗರಿಬೊಮ್ಮನಹಳ್ಳಿಯಲ್ಲಿ ಅವರ ಮನೆ ಎಲ್ಲಿದೆ ಎಂದು ಮಾತ್ರ ಇಳಿಯುವಾಗ ವಿವರವಾಗಿ ಹೇಳಿದ.

ಮುಂದಿನ ಭಾನುವಾರ ಹೋದೆ. ತಗಡು ಹಾಕಿದ ಎರಡು ಖೋಲಿಯ ಬಾಡಿಗೆ ಮನೆ. ಮಾಸ್ತರ ಮಗಳು ಬಾಗಿಲು ತೆರೆದಳು. ಅವರ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು. ಆ ದೊಡ್ಡ ದನಿ ಇರಲಿಲ್ಲ. ಗುರುತು ಹೇಳಿದೆ. "ಸಿಸ್ಟರ್ ಮಗಳೇನು? ಬಾರವ್ವ. ಎಷ್ಟು ದೊಡ್ಡಾಕಿ ಆಗೀದಿ" ಎಂದು ಕೈ ಹಿಡಿದು ಕೂರಿಸಿಕೊಂಡರು. ಕೊನೆಯ ಎರಡು ವರ್ಷ ಮಾಸ್ತರಿಗೆ ಮಲಗಲು ಆಗುತ್ತಿರಲಿಲ್ಲವಂತೆ. ಕೂತೇ ನಿದ್ದೆ, ಕೂತೇ ಉಸಿರು. ಕೂತೇ ಹೋದರಂತೆ.

ನಾನು ಇನ್ನು ತಡಮಾಡಲಿಲ್ಲ. ಆ ಬೆಳಿಗ್ಗೆ ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಕೊಟ್ರೇಶನ ಕಿವಿಗೆ ಹೊಡೆದವಳು ನಾನು, ಮಾಸ್ತರಲ್ಲ ಎಂದೆ. ಹೇಳಿ ಮುಗಿದಾಗ, ಅವರಿಗೆ ಇದೆಲ್ಲ ಯಾವಾಗಲೋ ಗೊತ್ತಿರಬೇಕು, ಗಂಡ ಹೇಳಿರಬೇಕು, ಈಗ ನನ್ನ ತಲೆ ಸವರಿ ಬಿಡವ್ವ ಎನ್ನುತ್ತಾರೆ ಎಂದು ನಾನು ಒಳಗೊಳಗೇ ಕಾಯುತ್ತಿದ್ದೆ. ಅದನ್ನೂ ಮುಚ್ಚಿಡಬಾರದು.

ಅವರು ನನ್ನ ಕೈ ಬಿಟ್ಟರು.

"ಅವರಲ್ಲನು?"

"ಅಲ್ಲಮ್ಮ."

"ನನಗೂ ಹೇಳಲಿಲ್ಲಲ್ಲ" ಎಂದರು. ಆಮೇಲೆ ಮೆಲ್ಲಗೆ ಹೇಳಿದರು: "ಕೊಟ್ಟೂರು ಬಿಟ್ಟು ಇಲ್ಲಿಗೆ ಬಂದ ವರ್ಷ, ಮನಿಯಾಗ ಬಾಳ ತ್ರಾಸಿತ್ತು. ಒಂದಿನ ಊಟಕ್ಕ ಕುಂತಾಗ ಸಿಟ್ಟಿನಾಗ ಅಂದಿದ್ದೆ. ಮಂದಿ ಮಗನ ಕಿವಿ ಕಳದ ಕೈ ಅದು, ನನ್ನ ತಾಟಿಗೆ ಹಚ್ಚಬ್ಯಾಡ್ರಿ ಅಂದಿದ್ದೆ. ಅವರು ಏನೂ ಅನ್ನಲಿಲ್ಲವ್ವ. ಕೈ ತೊಳಕಂಡು ಎದ್ರು. ಅವತ್ತಿಂದ ಒಳಗಿನ ಖೋಲ್ಯಾಗ ಬ್ಯಾರೆ ಕುಂತು ಉಂಡ್ರು, ಸಾಯೂತನಕ. ನಾ ಕರೀಲಿಲ್ಲ. ತಪ್ಪು ಮಾಡಿದೋರು ಅವರ, ಅವರ ಬರಲಿ ಅಂತ ನಾನೂ ಕರೀಲಿಲ್ಲ."

ನಾನು ಏನೋ ಹೇಳಲು ಹೋದೆ. ಅವರು ತಡೆದರು.

"ಅವರಿದ್ದಾಗ ಯಾಕ ಹೇಳಲಿಲ್ಲ ನೀನು? ಅವರು ಹೋದಮ್ಯಾಲ ಯಾಕ ಹೇಳಿದಿ? ಈಗ ನಾ ಯಾರ ಮುಂದ ಹೋಗಿ ತಪ್ಪಾತು ಅನ್ಲಿ?"

ಮಗಳು ಚಹಾ ತಂದಳು. ಅವರು ಗೋಡೆ ಹಿಡಿದು ಎದ್ದು, "ಆಕಿಗೆ ಕೊಡು, ದೂರಲಿಂದ ಬಂದಾಳ" ಎಂದು ಹೇಳಿ, ಒಳಗಿನ ಖೋಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಚಿಲಕ ಬೀಳುವ ಸದ್ದು ಕೇಳಿಸಿತು. ನಾನು ಚಹಾ ಕುಡಿದೆ. ಬಾಗಿಲು ತೆರೆಯಬಹುದೆಂದು ಹಡಗಲಿಯ ಸಂಜೆ ಬಸ್ಸಿನ ಹೊತ್ತಿನ ತನಕ ಕೂತಿದ್ದೆ. ತೆರೆಯಲಿಲ್ಲ.